ಗೇಟು ತೆರೆಯುವ ಹೊತ್ತು: ಭಾರತ–ಬಾಂಗ್ಲಾ ಗಡಿಯ ಕಾವಲು ಮತ್ತು ಅಂಚಿನವರ ಬದುಕು

ಭಾರತ ಮತ್ತು ಬಾಂಗ್ಲಾದೇಶದ ನಡುವಿನ ಗಡಿಯ ಉದ್ದ 4,096 ಕಿಲೋಮೀಟರಿಗೂ ತುಸು ಹೆಚ್ಚು. ಬೇರೆ ಯಾವ ನೆರೆಯ ದೇಶದೊಡನೆಯೂ ಭಾರತಕ್ಕೆ ಇಷ್ಟು ಉದ್ದದ ಗಡಿಯಿಲ್ಲ. ಅದರಲ್ಲಿ 2,216 ಕಿ.ಮೀ. ಪಶ್ಚಿಮ ಬಂಗಾಳದ್ದು, ಉಳಿದದ್ದು ತ್ರಿಪುರಾ, ಮೇಘಾಲಯ, ಮಿಜೋರಾಂ, ಅಸ್ಸಾಂ ರಾಜ್ಯಗಳಿಗೆ ಸೇರಿದೆ. ಮರುಭೂಮಿಯಲ್ಲೋ ಹಿಮದ ಮೇಲೋ ಹಾದುಹೋಗುವ ಗೆರೆ ಇದಲ್ಲ. ಭತ್ತದ ಗದ್ದೆ, ಸೆಣಬಿನ ಹೊಲ, ಕೊಳ, ಹಿತ್ತಲು, ಪಾತ್ರ ಬದಲಿಸುತ್ತಲೇ ಇರುವ ನದಿ, ಇವುಗಳ ನಡುವೆಯೇ ಇದು ಸಾಗುತ್ತದೆ. ಈ ಗಡಿಯ ಮಾತು ಬಂದಾಗಲೆಲ್ಲ ಎರಡೇ ಪ್ರಶ್ನೆ ಮುಂದಾಗುತ್ತವೆ: ಎಷ್ಟು ಜನ ನುಸುಳಿದರು, ಎಷ್ಟು ಜನರನ್ನು ತಡೆದೆವು? ಗಡಿಯಂಚಿನಲ್ಲೇ ಹುಟ್ಟಿ, ಎಲ್ಲಿಗೂ ನುಸುಳದೆ, ತನ್ನ ಹೊಲಕ್ಕೆ ಹೋಗಿ ಬರುವವನ ಬದುಕಿಗೆ ಈ ಕಾವಲು ಏನು ಮಾಡಿದೆ ಎಂಬ ಮೂರನೆಯ ಪ್ರಶ್ನೆಯನ್ನು ಕೇಳುವವರು ಕಡಿಮೆ.

ಈ ಮೂರನೆಯ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲೂ ಒಮ್ಮತವಿಲ್ಲ. ಭದ್ರತಾ ತಜ್ಞರು, ಅರ್ಥಶಾಸ್ತ್ರಜ್ಞರು, ಮಾನವ ಹಕ್ಕುಗಳ ಕಾರ್ಯಕರ್ತರು, ಹಳ್ಳಿಗಳಲ್ಲಿ ವರ್ಷಗಟ್ಟಲೆ ಉಳಿದು ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞರು ಬೇರೆ ಬೇರೆ ಅಳತೆಗೋಲು ಹಿಡಿದು ಬಂದಿದ್ದಾರೆ. ಅವರೆಲ್ಲರನ್ನೂ ಓದಿದಾಗ ನನಗೆ ಸ್ಪಷ್ಟವಾಗುವುದು ಇಷ್ಟು: ತಪಾಸಣೆ ಇದೆ ಎಂಬುದಕ್ಕಿಂತ ಹೆಚ್ಚಾಗಿ, ಆ ತಪಾಸಣೆಯ ನಿಯಮ ಇವತ್ತು ಒಂದು, ನಾಳೆ ಇನ್ನೊಂದು ಆಗಿರುವುದೇ ಜನರ ಬದುಕನ್ನು ಕೆಡಿಸುತ್ತಿದೆ. ಕಾವಲು ಬೇಕೇ ಬೇಡವೇ ಎಂಬ ಜಗಳದಲ್ಲಿ, ಕಾವಲುಗಾರ ಯಾರಿಗೆ ಉತ್ತರ ಕೊಡಬೇಕು ಎಂಬ ಪ್ರಶ್ನೆ ಕಳೆದುಹೋಗಿದೆ.

ಗೆರೆಯಿಂದ ಬೇಲಿಯವರೆಗೆ

ಸಿರಿಲ್ ರ‍್ಯಾಡ್‌ಕ್ಲಿಫ್ 1947ರ ಜುಲೈ ಮೊದಲ ಭಾಗದಲ್ಲಿ ಭಾರತಕ್ಕೆ ಬಂದರು. ಗಡಿ ಎಳೆಯಲು ಅವರಿಗೆ ಸಿಕ್ಕಿದ್ದು ಸುಮಾರು ಐದು ವಾರ. ತೀರ್ಪು ಪ್ರಕಟವಾದದ್ದು ಆಗಸ್ಟ್ 17ರಂದು, ಸ್ವಾತಂತ್ರ್ಯ ಬಂದು ಎರಡು ದಿನವಾದ ಮೇಲೆ. ಬಂಗಾಳದಲ್ಲಿ ಅವರು ಬಹುಮಟ್ಟಿಗೆ ಪೊಲೀಸ್ ಠಾಣೆಗಳ ಹಳೆಯ ಸರಹದ್ದುಗಳನ್ನೇ ಗಡಿಯಾಗಿ ಮಾಡಿದರು. ಕಂದಾಯ ಮತ್ತು ಪೊಲೀಸ್ ಆಡಳಿತಕ್ಕೆಂದು ಎಳೆದ ಗೆರೆ ರಾತ್ರೋರಾತ್ರಿ ಅಂತರರಾಷ್ಟ್ರೀಯ ಗಡಿಯಾಯಿತು. ಇತಿಹಾಸಕಾರ್ತಿ ಜೋಯಾ ಚಟರ್ಜಿ ತೋರಿಸಿರುವಂತೆ, ನಕ್ಷೆಯ ಮೇಲಿನ ಗೆರೆ ನೆಲಕ್ಕಿಳಿಯಲು ಹಲವು ವರ್ಷಗಳೇ ಬೇಕಾದವು. ಪೂರ್ವದ ಗಡಿಯಲ್ಲಿ ಪಾಸ್‌ಪೋರ್ಟ್ ಕಡ್ಡಾಯವಾದದ್ದು 1952ರ ಅಕ್ಟೋಬರಿನಲ್ಲಿ. ಅಲ್ಲಿಯವರೆಗೆ ಸಂತೆಗೆ, ಮದುವೆಗೆ, ಸುಗ್ಗಿಗೆ ಜನ ಓಡಾಡುತ್ತಲೇ ಇದ್ದರು.

ಮುಂದಿನ ತಿರುವುಗಳೆಲ್ಲ ಯುದ್ಧ ಮತ್ತು ವಲಸೆಯ ಜೊತೆ ಬಂದವು. 1965ರ ಯುದ್ಧದಲ್ಲಿ ರೈಲು ಸಂಪರ್ಕ ಕಡಿಯಿತು. ಅದೇ ವರ್ಷ ಡಿಸೆಂಬರ್ 1ರಂದು ಗಡಿ ಭದ್ರತಾ ಪಡೆ, ಎಂದರೆ ಬಿಎಸ್‌ಎಫ್, ಹುಟ್ಟಿತು. 1971ರಲ್ಲಿ ಸುಮಾರು ಒಂದು ಕೋಟಿ ನಿರಾಶ್ರಿತರು ಗಡಿ ದಾಟಿ ಬಂದರು. ಪೂರ್ವ ಬಂಗಾಳದಿಂದ ಬಂದ ಕುಟುಂಬಗಳನ್ನು ಸರ್ಕಾರ ದೂರದ ರಾಜ್ಯಗಳಿಗೂ ಕಳಿಸಿತು. ರಾಯಚೂರು ಜಿಲ್ಲೆಯ ಸಿಂಧನೂರಿನ ಆರ್.ಎಚ್. ಪುನರ್ವಸತಿ ಕ್ಯಾಂಪುಗಳಲ್ಲಿ ಇವತ್ತಿಗೂ ಬಂಗಾಳಿ ಕೇಳಿಸುವುದು ಆ ಕಾರಣಕ್ಕೆ. 1979ರಿಂದ ಅಸ್ಸಾಮಿನಲ್ಲಿ ವಿದೇಶಿಯರ ವಿರುದ್ಧ ಚಳವಳಿ ನಡೆದು, 1985ರಲ್ಲಿ ಅಸ್ಸಾಂ ಒಪ್ಪಂದವಾಯಿತು. ಗಡಿಗೆ ತಡೆಗೋಡೆ, ಮುಳ್ಳುತಂತಿ ಹಾಕುವ ಮಾತು ಅದರಲ್ಲೇ ಇತ್ತು. ಆ ದಶಕದ ಕೊನೆಗೆ ಬೇಲಿಯ ಕೆಲಸ ಶುರುವಾಯಿತು. 2025ರ ಆರಂಭದಲ್ಲಿ ಸರ್ಕಾರ ಸಂಸತ್ತಿಗೆ ತಿಳಿಸಿದ ಪ್ರಕಾರ 3,232 ಕಿ.ಮೀ. ಬೇಲಿ ಮುಗಿದಿದೆ, 864 ಕಿ.ಮೀ. ಉಳಿದಿದೆ. ಉಳಿದದ್ದರಲ್ಲಿ 174 ಕಿ.ಮೀ. ಬೇಲಿ ಹಾಕಲಾಗದಂಥ ನೆಲ.

ಬೇಲಿಗೂ ಗಡಿಗೂ ನಡುವೆ

ಬೇಲಿ ಇರುವುದು ಗಡಿಯ ಮೇಲಲ್ಲ ಎಂಬುದು ದೂರದಲ್ಲಿರುವವರಿಗೆ ತಿಳಿಯದ ಸಂಗತಿ. ಎರಡೂ ದೇಶಗಳ ಗಡಿ ಅಧಿಕಾರಿಗಳು 1975ರಲ್ಲಿ ಒಪ್ಪಿಕೊಂಡ ಮಾರ್ಗಸೂಚಿಯ ಪ್ರಕಾರ, ಗಡಿಗೆರೆಯಿಂದ 150 ಗಜದೊಳಗೆ ಯಾರೂ ರಕ್ಷಣಾ ಕಟ್ಟಡ ಕಟ್ಟುವಂತಿಲ್ಲ. ಬೇಲಿಯೂ ರಕ್ಷಣಾ ಕಟ್ಟಡವೇ ಎಂದು ಬಾಂಗ್ಲಾದೇಶ ವಾದಿಸುತ್ತ ಬಂದಿದೆ. ಹಾಗಾಗಿ ಭಾರತ ಬಹುತೇಕ ಕಡೆ ತನ್ನ ನೆಲದಲ್ಲೇ 150 ಗಜ ಹಿಂದೆ ಸರಿದು ಬೇಲಿ ಹಾಕಿತು. ನದಿ, ಕೆರೆ, ಊರು ಅಡ್ಡ ಬಂದ ಕಡೆ ಇನ್ನೂ ಹಿಂದೆ. ಹೀಗೆ ಭಾರತದ್ದೇ ಹೊಲ, ಭಾರತದ್ದೇ ಮನೆ, ಕೆಲವು ಕಡೆ ಇಡೀ ಊರು ಬೇಲಿಯ ಆಚೆ ಉಳಿಯಿತು. ಅಲ್ಲಿಯವರು ಮತ ಹಾಕುವುದು, ಕಂದಾಯ ಕಟ್ಟುವುದು ಎಲ್ಲ ಭಾರತದಲ್ಲೇ. ಆದರೆ ತಮ್ಮ ದೇಶದೊಳಕ್ಕೆ ಬರಲು ಅವರು ಗೇಟು ದಾಟಬೇಕು.

ಆ ಗೇಟಿನ ಬಳಿ ನಡೆಯುವುದನ್ನು ಹತ್ತಿರದಿಂದ ನೋಡಬೇಕು. ದಿನಕ್ಕೆ ಕೆಲವು ಹೊತ್ತು ಮಾತ್ರ ಅದು ತೆರೆಯುತ್ತದೆ, ಆ ಹೊತ್ತೂ ಇವತ್ತು ಒಂದು, ನಾಳೆ ಇನ್ನೊಂದು. ರೈತ ಮತದಾರರ ಚೀಟಿಯನ್ನೋ ಆಧಾರ್ ಕಾರ್ಡನ್ನೋ ಕಾವಲಿನವನ ಕೈಗೆ ಕೊಟ್ಟು, ಪುಸ್ತಕದಲ್ಲಿ ಹೆಸರು ಬರೆಸಿ, ನೇಗಿಲು, ಗೊಬ್ಬರದ ಚೀಲ, ಬುತ್ತಿ ಎಲ್ಲವನ್ನೂ ತೋರಿಸಿ ಒಳಹೋಗಬೇಕು. ಗೇಟು ಮುಚ್ಚುವ ಮುನ್ನ ಹಿಂದೆ ಬರಬೇಕು. ಕೂಲಿಯಾಳನ್ನು ಕರೆದೊಯ್ಯಬೇಕಾದರೆ ಅವನ ಗುರುತಿನ ಚೀಟಿಯೂ ಬೇಕು. ಬಿಸಿಲೇರುವ ಮುಂಚೆ ನಾಟಿ ಮುಗಿಸೋಣವೆಂದರೆ ಗೇಟು ತೆರೆದಿರುವುದಿಲ್ಲ. ಬೆಳೆಗೆ ನೀರು ಬಿಟ್ಟು ರಾತ್ರಿ ಕಾಯಬೇಕಾದ ದಿನ ಹೊಲದಲ್ಲಿ ಉಳಿಯುವಂತಿಲ್ಲ. ಆಚೆ ಕಡೆಯ ದನ ಬಂದು ಮೇಯ್ದರೂ, ಕಳ್ಳರು ಕುಯ್ದುಕೊಂಡು ಹೋದರೂ ಬೆಳಗಾದ ಮೇಲೆ ನೋಡಬೇಕು. ಸೆಣಬು, ಮೆಕ್ಕೆಜೋಳದಂಥ ಎತ್ತರದ ಬೆಳೆಯಲ್ಲಿ ಜನ ಅಡಗುತ್ತಾರೆಂದು ಬಿಎಸ್‌ಎಫ್ ಹಲವೆಡೆ ಅವನ್ನು ಬೆಳೆಯಲು ಬಿಡುವುದಿಲ್ಲ. ಬಂಗಾಳದ ಸಣ್ಣ ರೈತನಿಗೆ ಸೆಣಬೇ ಕೈಗೆ ಕಾಸು ತರುವ ಬೆಳೆ. ಇಷ್ಟೆಲ್ಲದರ ಜೊತೆಗೆ, ಗಡಿ ಜಿಲ್ಲೆಗಳಲ್ಲಿ ಮತ್ತೆ ಮತ್ತೆ ರಾತ್ರಿ ನಿಷೇಧಾಜ್ಞೆ ಹೊರಡುತ್ತದೆ.

ಗಡಿಯಲ್ಲಿ ಹೊತ್ತು ಎಷ್ಟು ಮುಖ್ಯ ಎಂಬುದಕ್ಕೆ ತೀನ್ ಬೀಘಾಗಿಂತ ಒಳ್ಳೆಯ ಪುರಾವೆ ಇಲ್ಲ. ದಹಗ್ರಾಮ–ಅಂಗರಪೋತಾ ಎಂಬುದು ಸುತ್ತಲೂ ಭಾರತವಿರುವ ಬಾಂಗ್ಲಾದೇಶದ ನೆಲ. ಅದನ್ನು ತಾಯ್ನಾಡಿಗೆ ಸೇರಿಸುವ ದಾರಿ, ಉದ್ದ 178 ಮೀಟರ್, ಅಗಲ 85 ಮೀಟರ್ ಇರುವ ಒಂದು ತುಂಡು. 1974ರ ಒಪ್ಪಂದದಲ್ಲಿ ಮಾತುಕೊಟ್ಟ ದಾರಿ ತೆರೆದದ್ದು 1992ರ ಜೂನ್ 26ರಂದು. ಅದೂ ಹಗಲಿನಲ್ಲಿ ಮಾತ್ರ, ಒಂದು ಗಂಟೆ ಬಿಟ್ಟು ಒಂದು ಗಂಟೆ. ಎರಡು ನಿಮಿಷದಲ್ಲಿ ನಡೆದು ದಾಟಬಹುದಾದ ದಾರಿಗಾಗಿ ಸಾವಿರಾರು ಜನ ದಿನದ ಕೆಲಸ, ಶಾಲೆ, ಆಸ್ಪತ್ರೆ ಎಲ್ಲವನ್ನೂ ಆ ಗಡಿಯಾರಕ್ಕೆ ಹೊಂದಿಸಿಕೊಂಡರು. ದಿನವಿಡೀ ತೆರೆದಿರುವ ವ್ಯವಸ್ಥೆ ಬಂದದ್ದು 2011ರಲ್ಲಿ. ಈ ಹತ್ತೊಂಬತ್ತು ವರ್ಷಗಳಲ್ಲಿ ಒಪ್ಪಂದ ಅದೇ ಇತ್ತು, ನೆಲವೂ ಅದೇ ಇತ್ತು. ಬದಲಾದದ್ದು ಗೇಟಿನ ಹೊತ್ತು, ಅದರೊಂದಿಗೆ ಜನರ ಬದುಕು.

ಭದ್ರತೆಯ ವಾದ

ಕಾವಲು ಬೇಕೆನ್ನುವವರ ವಾದವನ್ನು ಹಗುರವಾಗಿ ತಳ್ಳಿಹಾಕುವುದು ಸರಿಯಲ್ಲ. ದನ, ಚಿನ್ನ, ಖೋಟಾ ನೋಟು, ಕೆಮ್ಮಿನ ಔಷಧಿಯ ಹೆಸರಿನ ಮಾದಕ ವಸ್ತು ಈ ಗಡಿಯಲ್ಲಿ ಸಾಗುತ್ತವೆ. ಹೆಣ್ಣುಮಕ್ಕಳ ಸಾಗಾಟ ನಡೆಯುತ್ತದೆ. ಈಶಾನ್ಯದ ಬಂಡುಕೋರ ಸಂಘಟನೆಗಳು ಬಹುಕಾಲ ಆಚೆ ಕಡೆ ನೆಲೆ ಮಾಡಿಕೊಂಡಿದ್ದವು. ಕಳ್ಳಸಾಗಣೆದಾರರ ಗುಂಪು ಮಚ್ಚು, ದೊಣ್ಣೆ ಹಿಡಿದು ಬಂದಾಗ ಜವಾನರು ಗಾಯಗೊಂಡಿದ್ದಾರೆ, ಸತ್ತಿದ್ದಾರೆ. ಕರ್ನಾಟಕವೂ ಸೇರಿ ದೇಶದ ಎಲ್ಲ ಮೂಲೆಗಳಿಂದ ಬಂದ ಈ ಯುವಕರು, ಭಾಷೆ ತಿಳಿಯದ ಊರಿನಲ್ಲಿ, ರಾತ್ರಿಯಿಡೀ ಮಂಜಿನಲ್ಲಿ ನಿಂತು, ಯಾರು ರೈತ ಯಾರು ಕಳ್ಳ ಎಂದು ಕ್ಷಣದಲ್ಲಿ ತೀರ್ಮಾನಿಸಬೇಕು.

ಕಾವಲು ಫಲ ಕೊಡುತ್ತದೆ ಎನ್ನಲು ಪುರಾವೆಯೂ ಇದೆ. 2014ರ ನಂತರ ದನ ಸಾಗಣೆಯ ಮೇಲೆ ಬಿಗಿ ಹಿಡಿತ ಬಂದಾಗ ಆಚೆ ಹೋಗುವ ದನಗಳ ಸಂಖ್ಯೆ ಕುಸಿಯಿತು. ಬಾಂಗ್ಲಾದೇಶ ತನ್ನಲ್ಲೇ ಪಶುಸಾಕಣೆ ಬೆಳೆಸಿಕೊಂಡಿತು. ನದಿ ಹರಿಯುವ ಕಡೆ ಬೇಲಿ ನಿಲ್ಲದ ಕಾರಣ, ಅಸ್ಸಾಮಿನ ಧುಬ್ರಿಯಲ್ಲಿ 2019ರ ಮಾರ್ಚಿನಲ್ಲಿ 61 ಕಿ.ಮೀ. ಉದ್ದಕ್ಕೆ ಕ್ಯಾಮೆರಾ, ಸೆನ್ಸರ್‌ಗಳ ಕಾವಲು ಶುರುವಾಯಿತು. ಆದರೆ ಈ ಪಂಥ ವಿವರಿಸಲಾರದ ಒಂದು ವಿಷಯವಿದೆ. ಅಮೆರಿಕ–ಮೆಕ್ಸಿಕೋ ಗಡಿಯನ್ನು ಅಧ್ಯಯನ ಮಾಡಿದ ಪೀಟರ್ ಆಂಡ್ರಿಯಸ್ ತೋರಿಸಿದಂತೆ, ಕಾವಲು ಬಿಗಿಯಾದಷ್ಟೂ ಚಿಲ್ಲರೆ ಕಳ್ಳರು ಹೊರಬಿದ್ದು ಸಂಘಟಿತ ದಂಧೆಯವರು ಬಲಿಯುತ್ತಾರೆ. ದಾಟಿಸುವ ದರ ಏರುತ್ತದೆ, ಲಂಚಕ್ಕೆ ಹಣ ಹೆಚ್ಚುತ್ತದೆ. ಬೇಲಿ ಹೆಚ್ಚು ತೊಂದರೆ ಕೊಡುವುದು ದಂಧೆಯ ದೊಡ್ಡವನಿಗಲ್ಲ, ದಿನಾ ಅದೇ ಗೇಟಿಗೆ ಬರುವವನಿಗೆ.

ಲಾರಿ, ಸಂತೆ, ಕೂಲಿ

ಅರ್ಥಶಾಸ್ತ್ರಜ್ಞರು ಕಾವಲನ್ನು ಒಂದು ಬಗೆಯ ಸುಂಕವಾಗಿ ನೋಡುತ್ತಾರೆ. ಪೆಟ್ರಾಪೋಲ್–ಬೇನಾಪೋಲ್ ಎರಡೂ ದೇಶಗಳ ನಡುವಿನ ಅತಿ ದೊಡ್ಡ ಭೂಬಂದರು. ಇಲ್ಲಿ ಸರಕು ದಾಟಲು ಹಲವು ದಿನ ಬೇಕೆಂದೂ, ಇಷ್ಟೇ ದಟ್ಟಣೆಯ ಪೂರ್ವ ಆಫ್ರಿಕಾದ ಗಡಿಗಳಲ್ಲಿ ಆರು ಗಂಟೆಯೊಳಗೆ ಕೆಲಸ ಮುಗಿಯುತ್ತದೆಂದೂ ವಿಶ್ವಬ್ಯಾಂಕ್ 2021ರ ವರದಿಯಲ್ಲಿ ಹೇಳಿತು. ಲಾರಿ ನಿಂತಷ್ಟು ದಿನ ಚಾಲಕನ ಭತ್ಯೆ, ನಿಲುಗಡೆ ಶುಲ್ಕ, ಕೊಳೆಯುವ ಈರುಳ್ಳಿ ಎಲ್ಲವೂ ಕೊಳ್ಳುವವನ ಮೇಲೆ ಬೀಳುತ್ತದೆ. ಇದಕ್ಕೆ ಎದುರಾಗಿ ಇಟ್ಟು ನೋಡಬೇಕಾದದ್ದು ಗಡಿ ಸಂತೆಗಳನ್ನು. ಮೇಘಾಲಯದ ಕಾಲಾಯಿಚಾರ್‌ನಲ್ಲಿ 2011ರ ಜುಲೈನಲ್ಲಿ ಮೊದಲ ಸಂತೆ ಶುರುವಾಯಿತು. ಆಮೇಲೆ ಬಾಲಾಟ್‌ನಲ್ಲಿ, ತ್ರಿಪುರಾದ ಶ್ರೀನಗರ ಮತ್ತು ಕಮಲಾಸಾಗರಗಳಲ್ಲಿ. ಸುತ್ತಲಿನ ಐದು ಕಿ.ಮೀ. ಒಳಗಿನವರು ಗುರುತಿನ ಚೀಟಿ ತೋರಿಸಿ, ನಿಗದಿತ ಮೊತ್ತದೊಳಗೆ ವ್ಯಾಪಾರ ಮಾಡಬಹುದು. ತರಕಾರಿ, ಹಣ್ಣು, ಬಟ್ಟೆ, ಪ್ಲಾಸ್ಟಿಕ್ ಸಾಮಾನು ಮಾರುತ್ತ, ವರ್ಷಗಳಿಂದ ಕಾಣದ ನೆಂಟರನ್ನೂ ಅಲ್ಲೇ ಕಂಡವರಿದ್ದಾರೆ. ಇಲ್ಲೂ ತಪಾಸಣೆ ಇದೆ, ಜವಾನರೂ ಇದ್ದಾರೆ. ಆದರೆ ಯಾವ ದಿನ, ಯಾವ ಹೊತ್ತು, ಎಷ್ಟು ಸಾಮಾನು ಎಂಬುದು ಎಲ್ಲರಿಗೂ ಮೊದಲೇ ಗೊತ್ತು. ನನ್ನ ವಾದಕ್ಕೆ ಈ ಸಂತೆಗಳೇ ಮುಖ್ಯ ಆಧಾರ.

ತಪಾಸಣೆಯ ಬೆಲೆಯನ್ನು ಲೆಕ್ಕ ಹಾಕಿದ ಅಧ್ಯಯನಗಳು ಹೆಚ್ಚಾಗಿ ಬೇರೆ ಗಡಿಗಳಿಂದ ಬಂದಿವೆ. ಪ್ಯಾಲೆಸ್ತೀನಿನ ಪಶ್ಚಿಮ ದಂಡೆಯಲ್ಲಿ ಮಾಸಿಮಿಲಿಯಾನೋ ಕಾಲಿ ಮತ್ತು ಸಾಮಿ ಮಿಯಾರಿ ನಡೆಸಿದ ಅಧ್ಯಯನದಲ್ಲಿ, ಚೆಕ್‌ಪೋಸ್ಟುಗಳು ಹೆಚ್ಚಿದ ಕಡೆ ಉದ್ಯೋಗ, ಕೂಲಿ ದರ, ಕೆಲಸ ಸಿಗುವ ದಿನ ಮೂರೂ ಕಡಿಮೆಯಾದವು. ಅಲ್ಲಿಯದು ಸೇನಾ ಆಕ್ರಮಣದಡಿಯ ನೆಲ. ಬಂಗಾಳಕ್ಕೆ ಅದನ್ನು ನೇರ ಹೋಲಿಸುವುದು ತಪ್ಪು. ಆದರೂ ಅಲ್ಲಿಂದ ಬಂದ ಇನ್ನೊಂದು ಅಧ್ಯಯನ ಯೋಚನೆಗೆ ಹಚ್ಚುತ್ತದೆ. 2009ರಲ್ಲಿ ಇಸ್ರೇಲ್ ಕೆಲವು ಚೆಕ್‌ಪೋಸ್ಟುಗಳನ್ನು ಸಡಿಲಿಸಿದಾಗ, ಸಡಿಲವಾದ ಕಡೆಯ ಜನರಲ್ಲಿ ಹಿಂಸೆಗೆ ಬೆಂಬಲ ತಗ್ಗಿದ್ದನ್ನು ಮ್ಯಾಥ್ಯೂ ಲಾಂಗೋ, ಡಾಫ್ನಾ ಕನೆಟ್ಟಿ ಮತ್ತು ನ್ಯಾನ್ಸಿ ಹೈಟ್-ರೂಬಿನ್ ಕಂಡುಕೊಂಡರು. ದಿನದಿನದ ಅವಮಾನ ಭದ್ರತೆಗೇ ಮುಳುವಾಗಬಲ್ಲದು ಎಂದಾಯಿತು.

ಬಂದೂಕು ಮತ್ತು ನ್ಯಾಯಾಲಯ

ಮಾನವ ಹಕ್ಕುಗಳ ಪಂಥ ಎಣಿಸುವುದು ಸಾವುಗಳನ್ನು. ಹ್ಯೂಮನ್ ರೈಟ್ಸ್ ವಾಚ್ 2010ರ ಡಿಸೆಂಬರಿನ ವರದಿಯಲ್ಲಿ, ಹಿಂದಿನ ಹತ್ತು ವರ್ಷಗಳಲ್ಲಿ 900ಕ್ಕೂ ಹೆಚ್ಚು ಬಾಂಗ್ಲಾದೇಶೀಯರು ಬಿಎಸ್‌ಎಫ್ ಕೈಯಲ್ಲಿ ಸತ್ತಿದ್ದಾರೆಂದು ಹೇಳಿತು. ಗುಂಡಿಗೆ ಸಿಕ್ಕವರಲ್ಲಿ ಭಾರತೀಯರೂ ಇದ್ದರು. ವರದಿ ಬಂದು ತಿಂಗಳೊಳಗೆ, 2011ರ ಜನವರಿ 7ರಂದು, ಭಾರತದಿಂದ ಊರಿಗೆ ಮರಳುತ್ತಿದ್ದ 15 ವರ್ಷದ ಬಾಂಗ್ಲಾದೇಶದ ಹುಡುಗಿ ಬೇಲಿ ಹತ್ತಿದಾಗ ಗುಂಡೇಟಿಗೆ ಬಲಿಯಾದಳು. ಅವಳ ದೇಹ ಗಂಟೆಗಟ್ಟಲೆ ಮುಳ್ಳುತಂತಿಯಲ್ಲೇ ಇತ್ತು. ಬಿಎಸ್‌ಎಫ್‌ನ ಒಳಗಿನ ನ್ಯಾಯಾಲಯ 2013ರಲ್ಲಿ ಆರೋಪಿ ಜವಾನನನ್ನು ಬಿಟ್ಟಿತು. ಮರುವಿಚಾರಣೆಯಾಗಿ 2015ರಲ್ಲಿ ಮತ್ತೆ ಬಿಟ್ಟಿತು. 2011ರಿಂದ ಪ್ರಾಣ ತೆಗೆಯದ ಆಯುಧಗಳ ಬಳಕೆ ಶುರುವಾದದ್ದು ಸಣ್ಣ ಬದಲಾವಣೆಯಲ್ಲ. ಆದರೆ ಪಡೆಯವರ ತಪ್ಪನ್ನು ಪಡೆಯೇ ವಿಚಾರಿಸುವ ಪದ್ಧತಿ ಹಾಗೆಯೇ ಉಳಿದಿದೆ. ಗೇಟಿನಲ್ಲಿ ಕಾಯುವ ರೈತನ ದೂರು ಇದಕ್ಕಿಂತ ಎಷ್ಟೋ ಚಿಕ್ಕದು. ಚಿಕ್ಕ ದೂರಿಗಾದರೂ ಹೊರಗಿನವರ ಕಿವಿ ಸಿಗುತ್ತದೆಯೇ ಎಂದರೆ, ಅದೂ ಅದೇ ಪಡೆಯ ಕಮಾಂಡರನ ಮೇಜಿಗೇ ಹೋಗಬೇಕು.

ಊರಲ್ಲಿ ಉಳಿದು ನೋಡಿದವರು

ನಾಲ್ಕನೆಯ ಪಂಥದವರು ಗಡಿಯನ್ನು ಗಡಿಯವರ ಕಣ್ಣಿನಿಂದ ನೋಡಿದರು. ವಿಲ್ಲೆಮ್ ವಾನ್ ಶೆಂಡೆಲ್ 2005ರಲ್ಲಿ ಬಂಗಾಳದ ಗಡಿನಾಡಿನ ಬಗ್ಗೆ ಬರೆದ ಗ್ರಂಥ ಇದಕ್ಕೆ ಬುನಾದಿ. ದೆಹಲಿ ಮತ್ತು ಢಾಕಾದಿಂದ ನೋಡಿದರೆ ಅಂಚಾಗಿ ಕಾಣುವ ಈ ನೆಲ, ಅಲ್ಲಿಯವರಿಗೆ ತಮ್ಮ ಲೋಕದ ನಡುಮಧ್ಯ ಎಂದು ಅವರು ತೋರಿಸಿದರು. ಮಾಲಿನಿ ಸುರ್ ಈಶಾನ್ಯದ ಗಾರೋ ಜನ ಬೇಲಿ ಬಂದ ಮೇಲೂ ನೆಂಟಸ್ತಿಕೆ, ವ್ಯಾಪಾರ ಉಳಿಸಿಕೊಂಡ ಬಗೆಯನ್ನು 2021ರ ಕೃತಿಯಲ್ಲಿ ದಾಖಲಿಸಿದರು. ಸಹನಾ ಘೋಷ್ 2023ರ ಗ್ರಂಥದಲ್ಲಿ ಉತ್ತರ ಬಂಗಾಳದ ಕೂಚ್ ಬಿಹಾರ್ ಕಡೆಯ ಹಳ್ಳಿಗಳನ್ನು ಎತ್ತಿಕೊಂಡು, ಗಡಿ ಎಂಬುದು ಒಮ್ಮೆಗೇ ಬೀಳುವ ದೊಡ್ಡ ಏಟಲ್ಲ, ಹೊಲದ ಬೆಲೆ, ಮಗಳ ಮದುವೆ, ಗಂಡಸಿನ ದುಡಿಮೆ ಎಲ್ಲವನ್ನೂ ದಿನದಿನ ಕೊರೆಯುವಂಥದ್ದು ಎಂದು ವಾದಿಸಿದರು. ಬೇಲಿಯಾಚೆಯ ಹೊಲವನ್ನು ಕೊಳ್ಳುವವರಿಲ್ಲ, ಅಡವಿಟ್ಟುಕೊಳ್ಳುವವರೂ ಕಡಿಮೆ. ಇಂಥ ನಷ್ಟ ಸಾವಿನ ಪಟ್ಟಿಯಲ್ಲೂ ಬರದು, ವ್ಯಾಪಾರದ ಅಂಕಿಯಲ್ಲೂ ಬರದು. ಇದನ್ನು ಕಾಣಿಸಿದ್ದೇ ಈ ಪಂಥದ ದೊಡ್ಡ ಕೊಡುಗೆ. ಅದರ ಕೊರತೆಯನ್ನೂ ಹೇಳಬೇಕು: ನೋವನ್ನು ಇಷ್ಟು ಚೆನ್ನಾಗಿ ಬಿಡಿಸಿ ಹೇಳುವ ಈ ಬರಹಗಳು, ನಾಳೆ ಬೆಳಗ್ಗೆ ಗೇಟಿನ ಅಧಿಕಾರಿ ಏನು ಮಾಡಬೇಕೆಂಬ ಪ್ರಶ್ನೆಗೆ ಬಂದಾಗ ಹಿಂಜರಿಯುತ್ತವೆ.

ಗಡಿ ಒಳನಾಡಿಗೆ ಬಂದಾಗ

ಕೇಂದ್ರ ಗೃಹ ಸಚಿವಾಲಯ 2021ರ ಅಕ್ಟೋಬರಿನಲ್ಲಿ ಪಶ್ಚಿಮ ಬಂಗಾಳ, ಅಸ್ಸಾಂ, ಪಂಜಾಬ್‌ಗಳಲ್ಲಿ ಬಿಎಸ್‌ಎಫ್ ಶೋಧ ನಡೆಸಬಹುದಾದ ವ್ಯಾಪ್ತಿಯನ್ನು ಗಡಿಯಿಂದ 15 ಕಿ.ಮೀ. ಇದ್ದದ್ದು 50 ಕಿ.ಮೀ.ಗೆ ಹೆಚ್ಚಿಸಿತು. ಪಂಜಾಬ್ ಮತ್ತು ಬಂಗಾಳದ ವಿಧಾನಸಭೆಗಳು ಅದರ ವಿರುದ್ಧ ನಿರ್ಣಯ ಮಾಡಿದವು. ಆದರೆ ತಪಾಸಣೆ 50 ಕಿಲೋಮೀಟರಿಗೂ ನಿಂತಿಲ್ಲ. 2020ರ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ, ಅಕ್ರಮ ಬಾಂಗ್ಲಾದೇಶೀಯರದ್ದು ಎಂಬ ಆರೋಪದ ಮೇಲೆ ವಲಸೆ ಕೂಲಿಗಳ ಗುಡಿಸಲುಗಳನ್ನು ಕೆಡವಲಾಯಿತು. ಅಲ್ಲಿದ್ದ ಅನೇಕರು ಭಾರತೀಯರೆಂಬ ದಾಖಲೆ ತೋರಿಸಿದರು. ಕರ್ನಾಟಕ ಹೈಕೋರ್ಟ್ ಮಧ್ಯಪ್ರವೇಶಿಸಬೇಕಾಯಿತು. 2025ರಲ್ಲಿ ಬೀರಭೂಮ್ ಜಿಲ್ಲೆಯ ಎರಡು ಕುಟುಂಬಗಳನ್ನು, ಅದರಲ್ಲಿ ಒಬ್ಬ ಗರ್ಭಿಣಿಯನ್ನೂ, ದೆಹಲಿಯಿಂದ ಹಿಡಿದೊಯ್ದು ಗಡಿಯಾಚೆ ದಬ್ಬಿದ್ದನ್ನು ಕಲ್ಕತ್ತಾ ಹೈಕೋರ್ಟ್ ಸೆಪ್ಟೆಂಬರಿನಲ್ಲಿ ರದ್ದುಪಡಿಸಿ, ಅವರನ್ನು ವಾಪಸು ಕರೆತರಲು ಹೇಳಿತು. ಗೇಟಿನಲ್ಲಿ ರೈತನಿಂದ ದಿನಾ ಕೇಳುವ ಪುರಾವೆಯನ್ನು ಈಗ ಬಂಗಾಳಿ ಮಾತಾಡುವ ಬಡವ ದೇಶದ ಯಾವ ಊರಲ್ಲಾದರೂ ಕೊಡಬೇಕಾಗಿದೆ.

ಎರಡು ಆಕ್ಷೇಪ

ನಿಯಮವನ್ನು ಬರೆದು ಗೋಡೆಗೆ ಹಚ್ಚಿದರೆ ಕಳ್ಳಸಾಗಣೆದಾರನೂ ಅದನ್ನು ಓದುತ್ತಾನೆ, ಕಾವಲಿಗೆ ಅನಿರೀಕ್ಷಿತತೆಯೇ ಬಲ ಎಂಬುದು ಮೊದಲ ಆಕ್ಷೇಪ. ಗಸ್ತಿಗೆ ಇದು ನಿಜ. ಗಸ್ತು ಎಲ್ಲಿ, ಯಾವಾಗ ಎಂಬುದು ಗುಟ್ಟಾಗಿರಲಿ. ಗೇಟು ತೆರೆಯುವ ಹೊತ್ತು ಗುಟ್ಟಾಗಿದ್ದು ಯಾರಿಗೂ ಲಾಭವಿಲ್ಲ. ಹಗಲು ಹೊತ್ತಿನಲ್ಲಿ, ಜವಾನನ ಕಣ್ಣೆದುರು, ಹೆಸರು ಬರೆಸಿ ದಂಧೆ ಮಾಡುವವರಿಲ್ಲ. ಗಡಿ ಸಂತೆಗಳು ನಡೆದದ್ದೂ ಈ ನಂಬಿಕೆಯ ಮೇಲೆಯೇ. ಗಡಿಯವರೇ ಕಳ್ಳಸಾಗಣೆಯಲ್ಲಿ ಪಾಲುದಾರರು, ಅವರ ಮೇಲೆ ಕನಿಕರ ಅತಿಯಾಯಿತು ಎಂಬುದು ಎರಡನೆಯದು. ಕೆಲವರು ಪಾಲುದಾರರು ಹೌದು. ಆದರೆ ಸೆಣಬು ಬೆಳೆಯಲು ಬಿಡದೆ, ಹೊಲಕ್ಕೆ ಹೋಗುವ ಹೊತ್ತು ಕಿತ್ತುಕೊಂಡು, ಭೂಮಿಯ ಬೆಲೆ ಇಳಿಸಿದ ಮೇಲೆ ಹುಡುಗರು ರಾತ್ರಿ ಮೂಟೆ ಹೊರಲು ಹೋದರೆ, ಆ ತಪ್ಪಿನಲ್ಲಿ ನೀತಿಯ ಪಾಲೂ ಇದೆ.

ಇತ್ಯರ್ಥವಾಗದೆ ಉಳಿದದ್ದು

ಕೆಲವು ಗಂಟುಗಳನ್ನು ಬಿಡಿಸಬಹುದು ಎಂದು ತೋರಿಸಿದ್ದು 2015ರ ಜುಲೈ 31ರ ಮಧ್ಯರಾತ್ರಿ. ಭಾರತದ 111, ಬಾಂಗ್ಲಾದೇಶದ 51 ಭೂತುಂಡುಗಳು ಅಂದು ಅದಲುಬದಲಾಗಿ, ಅರುವತ್ತೆಂಟು ವರ್ಷ ಯಾವ ದೇಶದ ಸವಲತ್ತೂ ಸರಿಯಾಗಿ ಸಿಗದೆ ಬದುಕಿದ್ದ ಸುಮಾರು 50 ಸಾವಿರ ಜನ ನಾಗರಿಕರಾದರು. ಉಳಿದ ಪ್ರಶ್ನೆಗಳು ಇನ್ನೂ ತೆರೆದಿವೆ. 150 ಗಜದೊಳಗೆ ಒಂದೇ ಸಾಲಿನ ಬೇಲಿ ಹಾಕಬಹುದೇ ಎಂಬ ವಿವಾದ 2025ರ ಜನವರಿಯಲ್ಲಿ ಎರಡೂ ದೇಶಗಳು ಪರಸ್ಪರ ರಾಯಭಾರಿ ಅಧಿಕಾರಿಗಳನ್ನು ಕರೆಸಿ ಕೇಳುವವರೆಗೆ ಹೋಯಿತು. ಬೇಲಿಯನ್ನು ಗಡಿಯ ಹತ್ತಿರ ಸರಿಸಿದರೆ ರೈತನ ಹೊಲ ಒಳಗೆ ಬರುತ್ತದೆ, ನೆರೆಯವರ ಸಂಬಂಧ ಕೆಡುತ್ತದೆ. ಕ್ಯಾಮೆರಾ, ಸೆನ್ಸರ್ ಬಂದರೆ ಜವಾನನ ಮರ್ಜಿ ತಗ್ಗುತ್ತದೆಯೋ, ಅನುಮಾನಿಸುವ ಕಣ್ಣು ಇನ್ನಷ್ಟು ದೂರ ಚಾಚುತ್ತದೆಯೋ ಎಂಬುದು ಧುಬ್ರಿಯಿಂದ ಇನ್ನೂ ಸ್ಪಷ್ಟವಾಗಿಲ್ಲ. ಹೊಲ ಕೈಯಲ್ಲೇ ಇದ್ದೂ ಬಳಕೆ ಕಳೆದುಕೊಂಡವನಿಗೆ ಪರಿಹಾರ ಯಾವ ಕಾನೂನಿನಡಿ ಎಂಬುದಕ್ಕೂ, ಬಿಎಸ್‌ಎಫ್‌ನ ಕ್ರಮವನ್ನು ಹೊರಗಿನ ಯಾವ ಸಂಸ್ಥೆ ವಿಚಾರಿಸಬೇಕು ಎಂಬುದಕ್ಕೂ ಉತ್ತರವಿಲ್ಲ.

ಈ ದೊಡ್ಡ ಪ್ರಶ್ನೆಗಳು ಬಗೆಹರಿಯುವವರೆಗೆ ಕಾಯದೆ ಮಾಡಬಹುದಾದ ಕೆಲಸವೂ ಇದೆ. ಬೇಲಿಯ ಕಿಲೋಮೀಟರ್, ಜಪ್ತಿಯಾದ ಸರಕು, ಹಿಡಿದವರ ಸಂಖ್ಯೆ ಸಂಸತ್ತಿಗೆ ಬರುತ್ತಲೇ ಇವೆ. ಪ್ರತಿ ಗೇಟೂ ತೆರೆಯಬೇಕಾದ ಹೊತ್ತು ಎಷ್ಟು, ತೆರೆದದ್ದು ಎಷ್ಟು, ಮುಚ್ಚಿದ ದಿನಗಳಿಗೆ ಕಾರಣ ಏನು ಎಂಬ ಇನ್ನೊಂದು ಪಟ್ಟಿಯನ್ನು ಅದರ ಪಕ್ಕದಲ್ಲೇ ಇಡಬೇಕೆಂದು ನಮ್ಮ ಸಂಸದರು ಕೇಳಲಿ. ಲೆಕ್ಕಕ್ಕೆ ಬೇಕಾದ ಪುಸ್ತಕ ಆಗಲೇ ಪ್ರತಿ ಗೇಟಿನ ಬಳಿ ಇದೆ. ರೈತ ದಿನಾ ಹೆಸರು ಬರೆಸುವುದು ಅದರಲ್ಲೇ.